ರೋಗಿಯ ಪಾತ್ರ ನನಗೇ

ಪುಷ್ಪಾವತಿ ಮೇಡಂ ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಅವರು ಒಳ್ಳೆಯವರು. ಹಾಸ್ಟೆಲ್ ಊಟ ಸೇರದ ದಿನ ತಮ್ಮ ಡಬ್ಬಿಯಿಂದ ರೊಟ್ಟಿ ಕೊಡುವವರು. ಸೂಜಿ ಮಾತ್ರ ಕೈಗೆ ಕೊಡುವುದಿಲ್ಲ.

ನಾನು ಗಂಗೋತ್ರಿ. ಚನ್ನಗಿರಿಯಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಮೇಡಂ ನಮಗೆ ಪಾಠ ಹೇಳುವವರು, ವಾರ್ಡಿನ ಡ್ಯೂಟಿಯಲ್ಲೂ ನಮ್ಮ ಉಸ್ತುವಾರಿ ಅವರದೇ. ಊರು ಜಗಳೂರು ಕಡೆ, ಮನೆ ಕೇರಿಯಲ್ಲಿ. ಕೇರಿ ಎಂದರೆ ಯಾವ ಕೇರಿ ಎಂದು ನಮ್ಮ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆಸ್ಪತ್ರೆ ಡ್ಯೂಟಿ ಶುರುವಾದ ಹೊಸದರಲ್ಲಿ ಮಹೇಶ್ವರಪ್ಪ ಎಂಬ ರೋಗಿಯ ಬಿಪಿ ನೋಡಲು ಹೋದೆ. ತೋಳಿಗೆ ಪಟ್ಟಿ ಸುತ್ತುವಷ್ಟರಲ್ಲಿ ಅವರು, “ಯಾವೂರಾತವ್ವ ನಿಂದು? ಯಾರ ಪೈಕಿ?” ಎಂದರು. ಹೇಳಿದೆ. ತೋಳು ಹಿಂದಕ್ಕೆಳೆದುಕೊಂಡು, “ಬ್ಯಾರೇರನ್ನ ಕಳಿಸ್ರಿ” ಎಂದು ಮೇಡಂಗೆ ಹೇಳಿದರು.

ಮೇಡಂ ಬೇರೆ ಹುಡುಗಿಯನ್ನು ಕಳಿಸಿದರು. ನನ್ನನ್ನು ಪಕ್ಕಕ್ಕೆ ಕರೆದು, “ಬೇಜಾರ್ ಮಾಡ್ಕಬೇಡ ಕಣೆ, ನಿನ್ನ ಒಳ್ಳೇದಕ್ಕೇ ಹೇಳೋದು. ನೀನು ಟ್ರೇ ರೆಡಿ ಮಾಡು, ಹಾಸಿಗೆ ನೋಡ್ಕೋ” ಎಂದರು. ಅವತ್ತಿನಿಂದ ಯಾರೂ ಕೇಳುವ ಮೊದಲೇ ನನ್ನ ಪಾಲಿಗೆ ಟ್ರೇ. ಹತ್ತಿ, ಸ್ಪಿರಿಟ್, ಸಿರಿಂಜು ಎಲ್ಲ ಜೋಡಿಸಿ ಕೊಡುತ್ತೇನೆ. ಚುಚ್ಚುವವಳು ನನ್ನ ಜೊತೆಯ ಪವಿತ್ರ. ಸೋಮವಾರದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರ ಮುಂದೆ ಇಂಜೆಕ್ಷನ್ ಕೊಟ್ಟು ತೋರಿಸಬೇಕಿತ್ತು. ನಾನು ಅಲ್ಲಿಯವರೆಗೆ ಚುಚ್ಚಿದ್ದು ಲ್ಯಾಬಿನ ರಬ್ಬರ್ ತೋಳಿಗೆ ಮಾತ್ರ.

ಶುಕ್ರವಾರ ಕಾಲೇಜಿನಲ್ಲಿ ‘ತಾರತಮ್ಯವಿಲ್ಲದ ಶುಶ್ರೂಷೆ’ ಎಂಬ ತರಬೇತಿ ಇತ್ತು. ದಾವಣಗೆರೆಯಿಂದ ಅತಿಥಿಗಳು ಬಂದಿದ್ದರು. ಕೊನೆಗೊಂದು ಕಿರುನಾಟಕ. ಜಾತಿ ನೋಡಿ ದೂರ ನಿಲ್ಲುವ ನರ್ಸ್ ಆಮೇಲೆ ತಿದ್ದಿಕೊಂಡು ದಲಿತ ರೋಗಿಯ ಕೈ ಹಿಡಿಯಬೇಕು. ಪಾತ್ರ ಹಂಚುವಾಗ ಮೇಡಂ, “ಗಂಗೋತ್ರಿ, ನೀನು ರೋಗಿ. ನಿನಗೆ ಸಲೀಸಾಗಿ ಬರ್ತೈತೆ” ಎಂದರು.

“ನಾನು ನರ್ಸ್ ಮಾಡ್ತೀನಿ ಮೇಡಂ.”

“ನೀನು ನರ್ಸ್ ಆದ್ರೆ ನಾಟಕದ ಅರ್ಥನೇ ಕೆಡ್ತೈತಲ್ಲೇ.”

ಸಿಟ್ಟು ನೆತ್ತಿಗೇರಿತು. ಆದರೂ ಹೋಗಿ ಬೆಂಚಿನ ಮೇಲೆ ಮಲಗಿದೆ. ಪವಿತ್ರ ನನ್ನ ಕೈ ಹಿಡಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು, ಅತಿಥಿಯೊಬ್ಬರು ಕಣ್ಣು ಒರೆಸಿಕೊಂಡರು. ನನ್ನನ್ನು ಮುಟ್ಟಲು ಅಲ್ಲಿ ಯಾರದೂ ತಕರಾರಿರಲಿಲ್ಲ. ನಾನು ಇನ್ನೊಬ್ಬರನ್ನು ಮುಟ್ಟುವುದಿತ್ತಲ್ಲ, ಅದರ ಸುದ್ದಿ ನಾಟಕದಲ್ಲೂ ಬರಲಿಲ್ಲ.

ಶನಿವಾರ ಪರೀಕ್ಷೆಗೆ ಮುಂಚಿನ ಕೊನೆಯ ಡ್ಯೂಟಿ. ತ್ಯಾವಣಿಗೆಯ ಶಂಕ್ರಮ್ಮಜ್ಜಿಗೆ ಇಂಜೆಕ್ಷನ್ ಕೊಡಬೇಕಿತ್ತು. ಪವಿತ್ರ ಆ ಕಡೆ ಯಾರದೋ ಡ್ರಿಪ್ ನೋಡುತ್ತಿದ್ದಳು. ಇವತ್ತು ಬಿಟ್ಟರೆ ಕೆಟ್ಟೆ ಎಂದುಕೊಂಡು ಸಿರಿಂಜಿಗೆ ಔಷಧ ಎಳೆದೆ. ಅಜ್ಜಿ ಸೆರಗು ಸರಿಸಿ ತೋಳು ಚಾಚಿದರು.

ಮೇಡಂ ಬಿರಬಿರನೆ ಬಂದರು. “ಇರು, ಪವಿತ್ರ ಬರ್ಲಿ.”

“ಅಜ್ಜಿ ಏನೂ ಕೇಳಿಲ್ಲ ಮೇಡಂ.”

“ಆಮೇಲೆ ಕೇಳಿದ್ರೆ?”

ನಾನೇ ಹೇಳಿಬಿಟ್ಟೆ. “ಅಜ್ಜೀ, ನಾನು ಜಗಳೂರು ಕಡೆ ಕೇರಿಯೋಳು. ಇಂಜೆಕ್ಷನ್ ನಾನು ಹಾಕ್ಲಾ?”

“ಯಾರಾದ್ರೂ ಹಾಕ್ರವ್ವ” ಎಂದರು ಅಜ್ಜಿ. “ತೋಳು ಸೋತೈತೆ. ಅತ್ಲಾಗೆ ಉಪ್ಪಿಟ್ಟು ಬ್ಯಾರೆ ಆರ್ತೈತೆ.”

ಮೇಡಂ ಮುಖ ನೋಡಿದೆ. ಅವರು ದನಿ ತಗ್ಗಿಸಿ, “ಅಜ್ಜಿ ಏನೋ ಒಪ್ಪಿದ್ರು. ಸಂಜಿಗೆ ಮಗ ಬರ್ತಾನಲ್ಲ, ಅವನು ಕೇಳಿದ್ರೆ ನಾನು ಹೆಂಗೆ ಉತ್ರ ಹೇಳ್ಲಿ?” ಎಂದರು. ನನ್ನ ಕೈಯಿಂದ ಸಿರಿಂಜು ತೆಗೆದು ಪವಿತ್ರಳನ್ನು ಕರೆದರು. ಪವಿತ್ರ ನನ್ನ ಕಡೆ ನೋಡದೆ ಚುಚ್ಚಿದಳು. ಅಜ್ಜಿ ಅವಳ ಕೈ ಹಗುರ ಎಂದು ಹೊಗಳಿದರು. ನನಗೆ ಅಳು ಬರಲಿಲ್ಲ, ಟ್ರೇ ಎತ್ತಿ ಗೋಡೆಗೆ ಬೀಸಬೇಕೆನಿಸಿತು. ತೊಳೆದಿಟ್ಟೆ.

ಸೋಮವಾರ ಪರೀಕ್ಷಕರ ಮುಂದೆ ಮೊದಲ ಸಲ ನಿಜವಾದ ತೋಳಿಗೆ ಚುಚ್ಚಿದೆ. ಸೂಜಿ ಓರೆಯಾಗಿ, ರೋಗಿ ನೋವಿಗೆ ತೋಳು ಎಳೆದುಕೊಂಡ. ಪರೀಕ್ಷಕರು ಹುಬ್ಬು ಗಂಟಿಕ್ಕಿ ಮೇಡಂ ಕಡೆ ತಿರುಗಿದರು.

ಮೇಡಂ ನನ್ನ ಬೆನ್ನ ಮೇಲೆ ಕೈಯಿಟ್ಟು, ಬಹಳ ಮಮತೆಯಿಂದ, “ಒಳ್ಳೇ ಹುಡುಗಿ ಸಾರ್. ಏನ್ಮಾಡಾಕೆ ಆಗ್ತೈತೆ, ಪ್ರಾಕ್ಟೀಸ್ ಸಾಲ್ದು” ಎಂದರು.