ಆಕ್ಸ್‌ಗೆ ಹಾಕಿ, ಫೋನೊಗಲ್ಲ

೧
ಈ ವೈರಿನ ಒಂದು ತುದಿಯಲ್ಲಿ ಒಂದು ಪಿನ್ನು, ಇನ್ನೊಂದು ತುದಿಯಲ್ಲಿ ಎರಡು. ಕತೆಯನ್ನು ಯಾವ ತುದಿಯಿಂದ ಶುರು ಮಾಡಲಿ? ಒಂಟಿ ಪಿನ್ನಿನ ಕಡೆ ಬಿಂದುಶ್ರೀಯ ಲ್ಯಾಪ್‌ಟಾಪ್ ಇದೆ. ಕೆಂಪು, ಬಿಳಿ ಪಿನ್ನುಗಳ ಕಡೆ ಅವಳ ಅತ್ತೆ ಗುರುಬಸಮ್ಮನ ಸ್ಟೀರಿಯೊ. ನಡುವಿನ ಒಂದೂವರೆ ಮೀಟರ್ ಮಾರಿದವನು ನಾನು. (ನಂಜನಗೂಡಿನಲ್ಲಿ ನನ್ನದೊಂದು ಎಲೆಕ್ಟ್ರಾನಿಕ್ಸ್ ಅಂಗಡಿ. ಗಿರಾಕಿ ಇಲ್ಲದಾಗ ಕತೆ ಬರೆಯುತ್ತೇನೆ. ಬಹಳ ಬರೆದಿದ್ದೇನೆ.)

ಲ್ಯಾಪ್‌ಟಾಪ್ ಕಡೆಯಿಂದಲೇ ಹೋಗೋಣ.

೨
ಬಿಂದುಶ್ರೀ ಪಕ್ಕದ ಹೆಮ್ಮರಗಾಲ ಹಳ್ಳಿಯ ಸೊಸೆ. ಕಾದಂಬರಿಗಳನ್ನು ಓದಿಸಿ ಆಡಿಯೊ ಪುಸ್ತಕ ಮಾಡುವ ಕಂಪನಿಯೊಂದಕ್ಕೆ ಅರ್ಜಿ ಹಾಕಿದ್ದಳು. ಎರಡು ಸಲ ಸ್ಯಾಂಪಲ್ ರೆಕಾರ್ಡ್ ಮಾಡಿ ಕಳಿಸಿದಳು. ಎರಡು ಸಲವೂ ಒಂದೇ ಉತ್ತರ: ದನಿ ಚೆನ್ನಾಗಿದೆ, ಹಿಂದೆ ಏನೋ ಸದ್ದಿದೆ. ಮೂರನೆಯದೇ ಕೊನೆಯ ಅವಕಾಶ, ಅದೂ ಶುಕ್ರವಾರದೊಳಗೆ.

ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಲ್ಲಿ ಆ ಸದ್ದು ಅವಳಿಗೆ ಕೇಳಿಸುತ್ತಲೇ ಇರಲಿಲ್ಲ. (ಒಳ್ಳೆಯ ಹೆಡ್‌ಫೋನ್ ಮಾರಬಹುದಿತ್ತಲ್ಲ ಎನ್ನುತ್ತೀರಾ? ಸ್ಟಾಕ್ ಇರಲಿಲ್ಲ.) ಮನೆಯಲ್ಲಿದ್ದ ದೊಡ್ಡ ಸ್ಪೀಕರುಗಳೆಂದರೆ ಅತ್ತೆಯವು. ಬೆಳಿಗ್ಗೆ ವಚನದ ಕ್ಯಾಸೆಟ್ ಹಾಕುವ ಆ ಸ್ಟೀರಿಯೊವನ್ನು ಗುರುಬಸಮ್ಮ ಬಿಟ್ಟು ಯಾರೂ ಮುಟ್ಟುವಂತಿರಲಿಲ್ಲ. ಸೊಸೆಯ ಓದಿನ ಬಗ್ಗೆ ಆಕೆ ಹೇಳಿದ್ದು ಒಂದೇ ಮಾತು: "ಗೋಡೆ ಜೊತೆ ಮಾತಾಡೋದೂ ಒಂದು ಕೆಲ್ಸವಾ?"

ಮಂಗಳವಾರ ಅತ್ತೆ ಡೈರಿಗೆ ಹಾಲು ಹಾಕಲು ಹೋದಾಗ ಬಿಂದುಶ್ರೀ ವೈರು ಚುಚ್ಚಿದಳು. ಮಧ್ಯಾಹ್ನ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದಳು.

೩
"ವಾಪಸ್ ತಗೊಳಿ ಸಾ. ಪೆಟ್ಟಿಗೆ ಒಡೆದೋಯ್ತದೆ ಅನ್ನಂಗೆ ಅರಚ್ತು."

"ಹಿಂದ್ಗಡೆ ಯಾವ ತೂತಿಗೆ ಹಾಕಿದ್ರಿ?"

"ಫೋನೊ ಅಂತಿತ್ತು. ಇನ್ನೊಂದು ತುದಿ ಹೆಡ್‌ಫೋನ್ ತೂತಿಗೆ ತಾನೆ ಹಾಕೋದು? ಇದೂ ಫೋನೇ ಅಂದ್ಕೊಂಡು ಅಲ್ಲಿಗೇ ಹಾಕ್ದೆ."

"ಅದು ಗ್ರಾಮಫೋನ್ ತಟ್ಟೆಗೆ ಕಣಮ್ಮ. ಸಣ್ಣ ಸದ್ದನ್ನ ದೊಡ್ಡದು ಮಾಡೋ ಜಾಗ. ಆಕ್ಸ್ ಅಂತ ಇರೋ ಕಡೆ ಹಾಕಿ, ಮುಂದಿನ ಗುಂಡೀನೂ ಆಕ್ಸ್‌ಗೆ ತಿರುಗ್ಸಿ. ವಾಲ್ಯೂಮ್ ಮೊದ್ಲು ಸೊನ್ನೆಗಿಟ್ಟು, ಆಮೇಲೆ ನಿಧಾನಕ್ಕೆ ಏರ್ಸಿ."

ಮಾರನೆಯ ಬೆಳಿಗ್ಗೆ ಫೋನು ಬಂತು. ಹಳೇ ಸ್ಯಾಂಪಲ್ಲಿನ ಓದು ಸ್ಪಷ್ಟವಾಗಿ ಕೇಳಿಸುತ್ತಿದೆ, ಆದರೆ ಗುಂಯ್ ಎನ್ನುತ್ತಿದೆ ಎಂದಳು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತುಬಿಡಿ ಎಂದೆ. ಗುಂಯ್ ನಿಂತಿತು.

ಅವಳು ಮತ್ತೆ ಮೊದಲಿಂದ ಹಾಕಿ ಕೇಳಿದಳು.

"ಸಾ, ಇನ್ನೊಂದು ಸದ್ದೈತೆ."

೪
(ನನ್ನ ಮೊದಲ ಡ್ರಾಫ್ಟಿನಲ್ಲಿ ಅದು ಸತ್ತುಹೋದ ಮಾವನ ದನಿ. ಬರೆಯುವಾಗ ನನಗೇ ಮೈ ಜುಮ್ಮೆಂದಿತ್ತು. ಬಿಂದುಶ್ರೀ ಓದಿ, "ನಮ್ಮಾವ ಬದುಕವ್ರೆ ಸಾ, ಆಚೆ ಬೈಕ್ ಮೇಲೆ ಕೂತವ್ರೆ ನೋಡಿ" ಎಂದಳು. ನೋಡಿದೆ. ಕೂತಿದ್ದರು. ಹರಿದುಹಾಕಿದೆ.)

ನಡೆದದ್ದು ಇದು. ಅವಳು ಓದಿದ ಪ್ರತಿ ವಾಕ್ಯದ ಹಿಂದೆಯೇ, ಒಂದು ಉಸಿರು ತಡವಾಗಿ, ಇನ್ನೊಂದು ಹೆಣ್ಣುದನಿ ಅದೇ ವಾಕ್ಯವನ್ನು ಪಿಸುಗುಡುತ್ತಿತ್ತು. ಅದು ಹಂಚಿನ ಮನೆ, ನಡುಗೋಡೆ ಸೂರಿನ ತನಕ ಹೋಗುವುದಿಲ್ಲ. ರೆಕಾರ್ಡ್ ಮಾಡುವಾಗೆಲ್ಲ ಗೋಡೆಯ ಆಚೆ ಗುರುಬಸಮ್ಮ ಕೂತಿರುತ್ತಿದ್ದರು. ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವರು.

ಅಷ್ಟರಲ್ಲಿ ಅವರೇ ಹಾಲಿನ ಕ್ಯಾನು ಹಿಡಿದು ಒಳಗೆ ಬಂದರು. ತಮ್ಮ ಸ್ಟೀರಿಯೊ, ಅದರ ಬೆನ್ನಿಗೆ ವೈರು, ಗುಂಡಿಯ ಮೇಲೆ ಸೊಸೆಯ ಕೈ. ಬಿಂದುಶ್ರೀ ವಾಲ್ಯೂಮ್ ಇಳಿಸಲಿಲ್ಲ.

"ಯಾರ್ದವ್ವ ಆ ದನಿ, ಇಂದ್ಗಡೆ?"

"ನಿಮ್ದೇ ಅತ್ತೆ."

ಗುರುಬಸಮ್ಮ ಕ್ಯಾನು ಇಳಿಸಿ ನೆಲದ ಮೇಲೆ ಕೂತರು. ಒಂದು ಪುಟ ಪೂರ್ತಿ ಕೇಳಿದರು.

"ನಿನ್ ಕೆಲ್ಸ ಕೆಡಿಸ್ತಿದ್ದೋಳು ನಾನೇನಾ?"

"ಹೂಂ."

"ನೀ ಓದ್ವಾಗ ನಾನೂ ಓದ್ದಂಗೆ ಆಯ್ತದೆ ಕಣವ್ವ. ಅದ್ಕೆ."

೫
ಗುರುವಾರ ಮೂರನೇ ಸ್ಯಾಂಪಲ್. ಗುರುಬಸಮ್ಮ ಗೋಡೆಯಾಚೆ ಕೂರಲಿಲ್ಲ. ಸೊಸೆಯ ಎದುರಿಗೇ ಕೂತು, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಇಪ್ಪತ್ತು ನಿಮಿಷ ತುಟಿ ಬಿಚ್ಚಲಿಲ್ಲ. ಮುಗಿದ ಮೇಲೆ ತಾವೇ ಎದ್ದು ಗುಂಡಿಯನ್ನು ಆಕ್ಸ್‌ಗೆ ತಿರುಗಿಸಿದರು. ಒಂದೇ ದನಿ. ಅದರ ಹಿಂದೆ ಏನೂ ಇಲ್ಲ.

ಶುಕ್ರವಾರ ಸಂಜೆ ಉತ್ತರ ಬಂತು: ಆಯ್ಕೆಯಾಗಿದ್ದೀರಿ, ಇಡೀ ಕಾದಂಬರಿ ನೀವೇ ಓದಬೇಕು. ಗುರುಬಸಮ್ಮ ಬೀದಿ ಕಡೆಯ ಕಿಟಕಿಗಳನ್ನೆಲ್ಲ ತೆರೆದು ವಾಲ್ಯೂಮ್ ಏರಿಸಿದರು. ಹಾದುಹೋಗುತ್ತಿದ್ದ ಟ್ರ್ಯಾಕ್ಟರ್ ನಿಂತಿತು. "ರೇಡಿಯೊ ಅಲ್ಲ ಕಣಪ್ಪ, ನನ್ ಸೊಸೆ" ಎಂದರಂತೆ.

೬
ಇಲ್ಲಿಗೆ ಮುಗಿಸಬಹುದು.

ಅಥವಾ ಹೀಗೆ: ಗುರುಬಸಮ್ಮ ಅಕ್ಷರ ಕಲಿತು ತಾವೇ ಒಂದು ಕಾದಂಬರಿ ಓದುತ್ತಾರೆ. ಇದನ್ನು ಅವರಿಗೇ ಓದಿ ಹೇಳಿದೆ. "ಕಲೀತೀನೋ ಬುಡ್ತೀನೋ, ನೀನ್ಯಾಕೆ ಮುಂಚೇನೇ ಬರ್ಕೊತೀಯಪ್ಪಾ?" ಎಂದರು. ಅದನ್ನೂ ಹೊಡೆದುಹಾಕಿದೆ.

ಈಗ ಪ್ರತಿ ಅಧ್ಯಾಯ ಎರಡು ಸಲ ರೆಕಾರ್ಡ್ ಆಗುತ್ತದೆ. ಮೊದಲನೆಯದು ಕಂಪನಿಗೆ. ಎರಡನೆಯದರಲ್ಲಿ ಸೆರಗು ಕಚ್ಚುವ ಕೆಲಸವಿಲ್ಲ, ಅತ್ತೆ ಗಟ್ಟಿಯಾಗಿಯೇ ಹೇಳುತ್ತಾರೆ. "ಅದು ನಮ್ಗೆ ಸಾ" ಎಂದಳು ಬಿಂದುಶ್ರೀ. ಈಗಷ್ಟೇ ಫೋನು ಮಾಡಿ, ಅದನ್ನು ಒಂದೊಂದೇ ಸ್ಪೀಕರಿನ ಮುಂದೆ ಹಿಡಿದಿದ್ದಾಳೆ. ಎಡಗಡೆ, ಬಲಗಡೆ ಎರಡರಲ್ಲೂ ಇಬ್ಬರೂ. ಅಂಗಡಿ ಮುಂದೆ ಯಾರೋ ಬಲ್ಬು ಕೇಳುತ್ತಿದ್ದಾರೆ. ಇರಿ ಎಂದು ಕೈ ತೋರಿಸಿದ್ದೇನೆ. ಗುರುಬಸಮ್ಮ ಒಂದು ಉದ್ದನೆಯ ಪದಕ್ಕೆ ಬಂದು ತಡವರಿಸಿದ್ದಾರೆ. ಮತ್ತೆ ಮೊದಲಿಂದ ಹೇಳುತ್ತಿದ್ದಾರೆ, ಅರ್ಧ ದಾಟಿದ್ದಾರೆ, ಸೊಸೆ ಕಾಯುತ್ತಿದ್ದಾಳೆ, ನಾನೂ.