ಅಕ್ಕ ತಂದ ಡಬ್ಬಿಗಳು

ಡಾಕ್ಟರ ಮೇಜಿನ ಮೇಲೆ ಡಬ್ಬಿಗಳು ಒಂದೊಂದಾಗಿ ಬಂದು ಕೂರುತ್ತಿವೆ, ಟಕ್, ಟಕ್, ಬಿಳಿಯದು, ಹಸಿರು ಮುಚ್ಚಳದ್ದು, ಎಲ್ಲದರ ಮೇಲೂ ಯಾಕೋ ಒಂದು ಎಲೆಯ ಚಿತ್ರ — ಅಕ್ಕನೇ ಚೀಲದಿಂದ ತೆಗೆದು ಹೆಸರು ಮುಂದೆ ಬರುವಂತೆ ತಿರುಗಿಸಿ ಇಡುತ್ತಿದ್ದಾಳೆ, ಒಂಬತ್ತು, ಹತ್ತು, ಹನ್ನೊಂದು. ಇಷ್ಟೂ ತನ್ನ ಹೊಟ್ಟೆಗೆ ಹೋಗುತ್ತಿತ್ತೇ ಎಂದು ನೋಡಿಯೇ ಪಕ್ಕದಲ್ಲಿ ಕೂತ ತಂಗಿಗೆ ಸುಸ್ತಾಯಿತು, ಇಷ್ಟು ನುಂಗಿದ ಮೇಲೆ ಊಟಕ್ಕೆ ಜಾಗವೆಲ್ಲಿ. ಮೀನೆಣ್ಣೆ, ಅರಿಶಿನದ ಸಾರ, ಒಳ್ಳೆಯ ಕೀಟಾಣುಗಳ ಪುಡಿ — ಒಳ್ಳೆ ಕೀಟಾಣು ಅಂದ್ರೆ ಹೇಗಿರ್ತವಕ್ಕಾ, ಸ್ನಾನ ಮಾಡಿ ತಲೆ ಬಾಚ್ಕೊಂಡಿರ್ತವಾ, ಎಂದು ಕೇಳಿದಾಗ ಅಕ್ಕ ನಕ್ಕಿರಲಿಲ್ಲ, ತಮಾಷೆ ಬೇಡ ಕಣೇ, ಪಕ್ಕದ ಮನೆಯವಳ ಕರುಳು ಇದ್ರಲ್ಲೇ ಸರಿಹೋಯ್ತು. ಕರುಳು. ಎಷ್ಟು ಸಲೀಸಾಗಿ ಆಡುತ್ತಾರೆ ಆ ಮಾತನ್ನು, ಸಿನಿಮಾ ನೋಡಿ ಬಂದು ಕರುಳು ಕಿತ್ತು ಬಂತು ಅನ್ನುತ್ತಾರೆ, ಬರಲಿ ನೋಡೋಣ ಒಂದು ದಿನ ನಿಜವಾಗಿ, ಹೊಲಿಗೆ ಫ್ಯಾಕ್ಟರಿಯಲ್ಲಿ, ಸೂಜಿಯ ಕೆಳಗೆ ಕಾಲರು ಅರ್ಧ ತಿರುಗಿರುವಾಗ ಯಾರೋ ಒದ್ದೆ ಬಟ್ಟೆ ಹಿಂಡುವ ಹಾಗೆ ಹೊಟ್ಟೆ ಹಿಂಡಿ, ಟಾಯ್ಲೆಟ್ಟಿಗೆ ಹೋಗಲು ಸೂಪರ್‌ವೈಸರ್ ಮುಂದೆ ಟೋಕನ್ನಿಗೆ ಕೈಚಾಚಿ ನಿಂತಾಗ — ಏನಮ್ಮಾ ಕಾಲರು, ಇದು ಆರನೇ ಸಲ, ಅಲ್ಲೇ ಒಂದು ಮಿಷನ್ ಹಾಕಿಸಿಬಿಡ್ಲಾ — ಇಡೀ ಸಾಲು ನಕ್ಕಿತು, ಅವಳೂ ನಕ್ಕಳು, ನಗುವಾಗಲೂ ತೊಡೆ ಬಿಗಿಹಿಡಿದೇ ನಿಂತಿದ್ದಳು, ಅವತ್ತೇ ಮೊದಲು ರಕ್ತ ಕಂಡದ್ದು. ದೊಡ್ಡ ಕರುಳಿನ ಒಳಗೋಡೆಗೆ ಉರಿಯೂತ, ಅಲ್ಲಲ್ಲಿ ಹುಣ್ಣು, ಹದ್ದುಬಸ್ತಿನಲ್ಲಿ ಇಡಬಹುದು, ಪೂರ್ತಿ ಕೀಳೋಕಾಗಲ್ಲ, ಎಂದಿದ್ದರು ಇದೇ ಡಾಕ್ಟರು, ಎರಡು ವರ್ಷದ ಹಿಂದೆ. ಅಕ್ಕನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಕೀಳೋಕಾಗಲ್ಲ ಅಂದ್ರೇನು, ನಾನ್ ಕೀಳ್ತೀನಿ. ಅಲ್ಲಿಂದ ಶುರು, ಭಾನುವಾರಕ್ಕೊಂದು ಹೊಸ ಡಬ್ಬಿ, ಮುಚ್ಚಳ ತಾನೇ ತಿರುಗಿಸಿ, ಅಂಗೈಯಲ್ಲಿಟ್ಟು, ನುಂಗು ಚಿನ್ನ, ನನ್ನೆದುರಿಗೇ ನುಂಗು. ಡಾಕ್ಟರ ಮಾತ್ರೆಯನ್ನು ಹಾಗೆ ಎದುರು ನಿಂತು ನುಂಗಿಸುವವರು ಯಾರೂ ಇರಲಿಲ್ಲ, ಒಂದು ದಿನ ತಪ್ಪಿತು, ಆಮೇಲೆ ವಾರ ತಪ್ಪಿತು.

ನಾನು ಬರೆದ ಮಾತ್ರೆ ಎಲ್ಲಿ ಇದ್ರಲ್ಲಿ, ಎಂದು ಡಾಕ್ಟರು ಕೇಳಿದರೆ ಅವಳು ಗೋಡೆ ನೋಡುತ್ತಾಳೆ. ಮುಗಿದಿತ್ತು. ಯಾವಾಗ? ಎರಡು ತಿಂಗಳಾಯ್ತು. ಬೈದಿದ್ದರೆ ಚೆನ್ನಾಗಿತ್ತು, ಅವರು ಬೈಯಲಿಲ್ಲ, ರಕ್ತದ ವರದಿಯನ್ನು ಇವರ ಕಡೆ ತಿರುಗಿಸಿ ಪೆನ್ನಿನ ತುದಿಯಿಟ್ಟರು, ಇದು ಲಿವರ್‌ದು, ಮೂರು ಪಟ್ಟು ಏರಿದೆ, ಈ ಡಬ್ಬಿಗಳಲ್ಲಿ ಯಾವುದೋ ಒಂದರ ಕೆಲಸ ಇರಬಹುದು, ಯಾವುದೂಂತ ಈಗ್ಲೇ ಹೇಳಕ್ಕಾಗಲ್ಲ, ಅದಕ್ಕೇ ಎಲ್ಲಾ ನಿಲ್ಲಿಸಿ, ಇವತ್ತಿಂದಲೇ, ಕರುಳಿಗೆ ನನ್ನ ಮಾತ್ರೆ ಮತ್ತೆ ಶುರು ಮಾಡಿ — ಯಾರು ಹೇಳಿದ್ರು ಇವನ್ನೆಲ್ಲ ತಗೊಳ್ಳಕ್ಕೆ? ಅಕ್ಕನ ಕೈ ಹನ್ನೊಂದನೆಯದರ ಮೇಲೆಯೇ ನಿಂತುಬಿಟ್ಟಿದೆ. ಯಾರೂ ಇಲ್ಲ ಡಾಕ್ಟ್ರೇ, ನಾನೇ, ಎಲ್ಲೋ ಓದಿ. ಬಾಯಿಂದ ತಾನಾಗಿ ಬಂತು ಅದು. ಬೀದಿಗೆಲ್ಲ ಬುದ್ಧಿ ಹೇಳುವ ಅಕ್ಕ ಡಬ್ಬಿಗಳನ್ನು ಒಂದೊಂದಾಗಿ ಮತ್ತೆ ಚೀಲಕ್ಕೆ ಹಾಕತೊಡಗಿದಳು.

ಹೊರಗೆ ಬಂದು ಹತ್ತು ಹೆಜ್ಜೆ ಇಟ್ಟಿಲ್ಲ, ಮತ್ತೆ ಹೊಟ್ಟೆ ಹಿಂಡಿತು, ಆಸ್ಪತ್ರೆಯ ಟಾಯ್ಲೆಟ್ಟಿಗೆ ಚಿಲಕವಿಲ್ಲ, ನೀನು ಹೋಗು, ನಾನು ಹಿಡ್ಕೋತೀನಿ, ಅಂದಳು ಅಕ್ಕ. ಬಾಗಿಲು ನೆಲದಿಂದ ಒಂದು ಗೇಣು ಮೇಲಕ್ಕೇ ಮುಗಿದಿದೆ, ಕೆಳಗೆ ಅಕ್ಕನ ಪಾದಗಳು, ಹಿಮ್ಮಡಿ ಒಡೆದಿದೆ, ಯಾವಾಗ ಒಡೆಯಿತು, ಇಷ್ಟು ವಯಸ್ಸಾಯಿತೇ ಇವಳಿಗೆ. ನೀನ್ಯಾಕೆ ಹಾಗಂದೆ, ನನ್ನ ಹೆಸರು ಹೇಳ್ಬೇಕಿತ್ತು ಕಣೇ. ಏನು ಹೇಳುವುದು, ನುಂಗಿದಾಗಲೆಲ್ಲ ನಿನ್ನ ಮುಖ ಹಗುರಾಗುತ್ತಿತ್ತು, ಅದಕ್ಕೇ ನುಂಗುತ್ತಿದ್ದೆ ಅನ್ನುವುದೇ, ಅಷ್ಟನ್ನು ಹೇಳಲೂ ತ್ರಾಣ ಬೇಕು — ಪಾದಗಳು ಅಲ್ಲೇ ಇವೆ. ಇನ್ಮೇಲೆ ನಿನಗೆ ಏನು ಕೊಡ್ಲೇ ನಾನು? ಏನೂ ಬೇಡಕ್ಕಾ, ಬಾಗಿಲು ಹಿಡ್ಕೊ. ಯಾರೋ ಹೊರಗಿನಿಂದ ಬಾಗಿಲು ತಳ್ಳಿದರು, ಒಳಗಿದ್ದಾರೆ ಕಣ್ರೀ, ಎಂದಳು ಅಕ್ಕ, ಕಾಲ್ಬೆರಳುಗಳು ಮಡಚಿ ನೆಲವನ್ನು ಕಚ್ಚಿ ಹಿಡಿದವು, ಬಿಡಲಿಲ್ಲ, ಎರಡು ಪಾದ, ಒಡೆದ ಹಿಮ್ಮಡಿ, ನೆಲ ಕಚ್ಚಿದ ಬೆರಳುಗಳು, ಬಾಗಿಲ ಕೆಳಗೆ ಎರಡು ಪಾದ —