ಚಿಕ್ಕಪ್ಪನ ಮಗಳು

ಮನೆಯೊಡತಿಯ ಪ್ರಕಾರ ನಾನು ಯಜಮಾನನ ಚಿಕ್ಕಪ್ಪನ ಮಗಳು. ಪಕ್ಕದ ಕೋಣೆಯ ನರ್ಸಿಂಗ್ ಹುಡುಗಿ ಅವನ ಸೋದರತ್ತೆಯ ಮಗಳು. ನಿಜದಲ್ಲಿ ನಮಗೂ ಅವನಿಗೂ ಇದ್ದದ್ದು ಎಣ್ಣೆ ಸೀಗೇಕಾಯಿ ಸಂಬಂಧ.

ಯಜಮಾನ ಎಂಬುದು ನಾವಿಟ್ಟ ಅಡ್ಡಹೆಸರು. ಸಂಶೋಧನಾ ವಿದ್ಯಾರ್ಥಿ. ಎಷ್ಟನೆಯ ವರ್ಷ ಎಂದು ಕೇಳಿದರೆ ಸಿಡುಕುತ್ತಿದ್ದ. ಮನೆಯೊಡತಿ ಕೆಳಗಿನ ಅಂಗಡಿಯಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ದರ್ಜಿ. ಮೂರನೆಯ ಮಹಡಿಯ ಮನೆಯನ್ನು ಒಂದೇ ಕುಟುಂಬಕ್ಕೆ ಮಾತ್ರ ಕೊಡುವುದು ಎಂದು ಹಟ ಹಿಡಿದವಳು. ಯಜಮಾನ ಅದನ್ನು ತನ್ನ ಹೆಸರಿನಲ್ಲಿ ಹಿಡಿದು, ಎರಡು ಕೋಣೆಗಳನ್ನು ಒಳಬಾಡಿಗೆಗೆ ನಮಗೆ ಕೊಟ್ಟಿದ್ದ. ಆಕೆ ನಲ್ಲಿ ಸೋರುತ್ತಿದೆಯೇ ಎಂದು ನೋಡಲು ಮೇಲೆ ಬಂದಾಗಲೆಲ್ಲ ನಾವು ಬಂಧುಗಳಾಗುತ್ತಿದ್ದೆವು.

"ನೀನು ಚಿಕ್ಕಪ್ಪನ ಮಗಳು, ನೀನು ಅತ್ತೆ ಮಗಳು," ಎಂದು ಮೊದಲ ದಿನವೇ ಬಿಸ್ಕತ್ತು ಹಂಚಿದ ಹಾಗೆ ಹಂಚಿದ್ದ. "ಇಬ್ರೂ ಒಂದೇ ಕಡೆಯೋರು ಅಂದ್ರೆ ಅನುಮಾನ ಬರತ್ತೆ."

ಜಾಣ. ಆದರೆ ಮನೆಯಲ್ಲಿ ದೊಡ್ಡವರು ಮಾತಾಡುವಾಗ ಕಿವಿಗೊಟ್ಟು ಕೂತವನಲ್ಲ.

ನಾನು ವಾಸ್ತುಶಿಲ್ಪದ ಕೊನೆಯ ವರ್ಷದಲ್ಲಿದ್ದೆ. ಇಳಿಜಾರಿನ ಮೇಲೊಂದು ಗ್ರಂಥಾಲಯದ ಮಾದರಿ ಮಾಡಿದ್ದೆ: ರಟ್ಟು, ತೆಳು ಮರದ ಪಟ್ಟಿ, ಬ್ಲೇಡಿನಿಂದ ಒಂದೊಂದಾಗಿ ಕೊರೆದ ಕಿಟಕಿಗಳು. ಬೆರಳ ತುದಿಗಳಲ್ಲಿ ಗಾಯವಿಲ್ಲದ ಜಾಗವಿರಲಿಲ್ಲ. ಅಷ್ಟರಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಎಂದು ಊರಿಗೆ ಹೋದೆ. ಹಿಂದಿರುಗಿದಾಗ ನನ್ನ ಮಂಚದ ಮೇಲೆ ಗುರುತಿಲ್ಲದವನೊಬ್ಬ ಬಾಯಿ ತೆರೆದು ಮಲಗಿದ್ದ. ನಾನಿಲ್ಲದ ವಾರಕ್ಕೆ ಯಜಮಾನ ನನ್ನ ಕೋಣೆಯನ್ನು ಯಾವನಿಗೋ ಬಾಡಿಗೆಗೆ ಕೊಟ್ಟಿದ್ದ. ನನ್ನ ಸಾಮಾನೆಲ್ಲ ಬಾಲ್ಕನಿಯಲ್ಲಿತ್ತು. ಮಾದರಿ ಇದ್ದದ್ದು ಬಟ್ಟೆ ಒಣಹಾಕುವ ತಂತಿಯ ಕೆಳಗೆ. ಮಂಚದ ಮೇಲಿದ್ದವನ ಒದ್ದೆ ಪ್ಯಾಂಟಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ರಟ್ಟು ಉಬ್ಬಿ, ಛಾವಣಿ ಸಿಪ್ಪೆಯ ಹಾಗೆ ಸುಲಿದು ಬಂದಿತ್ತು.

ಪರೀಕ್ಷಕರು ಅದನ್ನು ನೋಡಿ ಮುಂದಿನ ವರ್ಷ ಬಾ ಎಂದರು.

"ನನ್ನ ಕೋಣೆ ಕೊಡೋಕೆ ನೀನ್ಯಾರು?" ಎಂದು ಯಜಮಾನನನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಿದೆ.

"ನಿನ್ನ ಕೋಣೆನಾ?" ಅವನು ಚಹಾ ಸೋಸುತ್ತಲೇ ನಕ್ಕ. "ಮನೆ ನನ್ನ ಹೆಸರಲ್ಲಿದೆ ತಾಯಿ. ಇಲ್ಲಿ ನೀನು ಯಾರೂ ಅಲ್ಲ. ಬೇಕಿದ್ರೆ ಹೋಗಿ ಆಂಟಿಗೆ ನಿಜ ಹೇಳು. ನನ್ನ ಹಿಂದೇನೇ ನಿನ್ನ ಗಂಟುಮೂಟೆನೂ ಬೀದಿಗೆ ಬೀಳತ್ತೆ."

ಅದು ಸರಿ. ನಿಜ ಹೇಳಿದರೆ ಮೂವರೂ ಬೀದಿಪಾಲು. ಹಾಗಾಗಿ ನಿಜ ಹೇಳಬಾರದು ಎಂದು ತೀರ್ಮಾನಿಸಿದೆ. ಕಾದೆ. ಅವನು ಪ್ರಬಂಧ ಒಪ್ಪಿಸಬೇಕಾದ ತಿಂಗಳು ಬಂತು. ಕೋಣೆಯ ತುಂಬ ಪುಸ್ತಕದ ರಾಶಿ, ಗೋಡೆಯ ತುಂಬ ಅಂಟಿಸಿದ ಚೀಟಿ. ಉಗುರು ಕಚ್ಚುತ್ತ ಓಡಾಡುತ್ತಿದ್ದ. ಈಗ ಸರಿಯಾದ ಸಮಯ ಅನ್ನಿಸಿತು.

"ನೀನು ಅವನಿಗೆ ಅತ್ತೆ ಮಗಳು ಅಲ್ವಾ?" ಎಂದು ನರ್ಸಿಂಗ್ ಹುಡುಗಿಯನ್ನು ಕೇಳಿದೆ.

"ಹೂಂ, ಯಾವ ಜನ್ಮದ ಕರ್ಮಾನೋ." ಅವಳಿಗೂ ಅವನ ಮೇಲೆ ಹಲ್ಲು ಮಸೆಯಲು ಕಾರಣವಿತ್ತು. ಆಸ್ಪತ್ರೆಯ ಪಾಳಿ ಮುಗಿಸಿ ಬಂದರೆ ಗೀಸರ್ ಸ್ವಿಚ್ಚಿಗೆ ಬೀಗ.

"ಅತ್ತೆ ಮಗಳು ತಂಗಿ ಆಗಲ್ಲ ಕಣೇ. ಮದ್ವೆ ಆಗ್ಬಹುದು."

ಅವಳು ಬಾಯಲ್ಲಿದ್ದ ಬ್ರೆಡ್ಡನ್ನು ಅಗಿಯುವುದು ನಿಲ್ಲಿಸಿದಳು. ಕಣ್ಣು ಮೆಲ್ಲಗೆ ಅರಳಿತು. "ಆ ಮುಖಕ್ಕೆ ನಾನಾ? ಆಯ್ತು, ಅಳೋದು ಎಲ್ಲಿ ಅಂತ ಮಾತ್ರ ಮೊದ್ಲೇ ಹೇಳು."

ಹಳೆಯ ಕುರ್ತಾವೊಂದನ್ನು ಸಡಿಲ ಮಾಡಿಸುವ ನೆಪದಲ್ಲಿ ಅಂಗಡಿಗಿಳಿದೆ. ಒಡತಿ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡು ಕಾಲರ್ ಹೊಲಿಯುತ್ತಿದ್ದಳು.

"ಏನಮ್ಮಾ, ಮುಖ ಯಾಕೆ ಹಿಂಗಾಗಿದೆ?"

ನನ್ನ ಗ್ರಂಥಾಲಯವನ್ನು ನೆನೆದೆ. ಅಳು ತಾನಾಗಿ ಬಂತು. "ಅಣ್ಣನ ವಿಷ್ಯ ಆಂಟಿ. ಅತ್ತೆ ಮಗಳನ್ನ ಅವನಿಗೇ ಅಂತ ಚಿಕ್ಕವರಿದ್ದಾಗ್ಲೇ ಮಾತಾಗಿತ್ತು. ಅದಕ್ಕೇ ನಂಬಿ ಕಳ್ಸಿದ್ರು. ಈಗ ಓದು ಮುಗೀತಾ ಬಂತಲ್ಲ, ನನ್ನ ಲೆವೆಲ್ಲೇ ಬೇರೆ, ಇವಳು ಬೇಡ ಅಂತಾನೆ."

ಹೊಲಿಗೆಯಂತ್ರ ನಿಂತಿತು. ಆಕೆ ಸೂಜಿಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದಳು. "ಒಂದೇ ಸೂರಿನಡಿ ಇಟ್ಕೊಂಡು, ಅವಳ ಕೈಲಿ ಬೇಯ್ಸಿ ಹಾಕಿಸ್ಕೊಂಡು, ಈಗ ಬೇಡ್ವಂತಾ?"

ಬೇಯಿಸಿ ಹಾಕುವ ಮಾತನ್ನು ನಾನು ಹೇಳಿರಲಿಲ್ಲ. ತಿದ್ದಲೂ ಇಲ್ಲ.

ಸಂಜೆ ಒಡತಿ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದಳು. ನಲ್ಲಿ ನೋಡಲು ಬಂದಳೆಂದುಕೊಂಡು ಯಜಮಾನ ಸ್ನಾನದಮನೆಯ ಕಡೆ ಕೈ ತೋರಿಸಿದ.

"ನಲ್ಲಿ ಹಾಳಾಗ್ಲಿ. ಮದ್ವೆ ಯಾವಾಗ?"

"ಯಾರ ಮದ್ವೆ?"

"ನಿಂದೂ ಅತ್ತೆ ಮಗಳದ್ದೂ."

ಅವನು ಆಕೆಯನ್ನು ನೋಡಿದ, ನರ್ಸಿಂಗ್ ಹುಡುಗಿಯನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ. ಅರ್ಥವಾದದ್ದು ಆಗ. ಅವನ ಕಿವಿ ಕೆಂಪಾಗುವುದನ್ನು ನಾನು ಕಣ್ತುಂಬ ನೋಡಿದೆ.

"ಆಂಟಿ, ಇವಳು ನನ್ನ ಅತ್ತೆ ಮಗಳೇ ಅಲ್ಲ!"

"ಮೊನ್ನೆ ತನಕ ಆಗಿದ್ಳಲ್ಲ?"

"ಸುಳ್ಳು ಹೇಳಿದ್ದೆ! ಇಬ್ರೂ ನಂಗೆ ಏನೂ ಆಗ್ಬೇಕಿಲ್ಲ. ಬಾಡಿಗೆಗೆ ಇಟ್ಕೊಂಡಿದೀನಿ!"

ನಾನು ಹೆದರಿದ್ದ ಮಾತು ಅದೊಂದೇ. ಆಕೆ ನಂಬಿದರೆ ನಮ್ಮ ಕಥೆಯೂ ಮುಗಿದಂತೆ. ಮುಳುಗಿದರೂ ಸರಿ, ಅವನನ್ನೂ ಎಳೆದುಕೊಂಡೇ ಮುಳುಗುವುದೆಂದು ಗಟ್ಟಿ ಮಾಡಿಕೊಂಡೇ ಬಂದಿದ್ದೆ.

ನರ್ಸಿಂಗ್ ಹುಡುಗಿ ತೋಳಿನಿಂದ ಮೂಗೊರೆಸಿಕೊಂಡಳು. "ಕೇಳಿದ್ರಾ ಆಂಟಿ? ಬಾಡಿಗೆಯೋರಂತೆ. ನಮ್ಮಮ್ಮಂಗೆ ಈ ಮಾತು ಹೆಂಗೆ ಹೇಳ್ಲಿ ಭಾವ?"

'ಭಾವ' ಎಂದದ್ದು ಅವಳದೇ ಕೈಚಳಕ.

"ಮದ್ವೆ ತಪ್ಪಿಸ್ಕೊಳ್ಳೋಕೆ ರಕ್ತಸಂಬಂಧಾನೇ ಇಲ್ಲ ಅಂತೀಯಲ್ಲೋ!" ಒಡತಿಯ ದನಿ ಕೆಳಗಿನ ಮಹಡಿಗೂ ಕೇಳಿರಬೇಕು. "ನಾಳೆ ಹೆತ್ತೋರನ್ನೂ ಬಾಡಿಗೆಯೋರು ಅಂತೀಯ. ಸರಿ, ಬಾಡಿಗೆಯೋರು ಅನ್ನೋಕೆ ಏನಿದೆ ಗುರುತು?"

ಗುರುತು ಇರಲಿಲ್ಲ. ಸಿಕ್ಕಿಬೀಳಬಾರದೆಂದು ಅವನು ನಮಗೆ ಒಂದು ಸಾಲನ್ನೂ ಬರೆದುಕೊಟ್ಟಿರಲಿಲ್ಲ.

"ಕೊಟ್ಟ ಮಾತು ಉಳಿಸ್ಕೋ, ಇಲ್ಲ ಈ ಭಾನುವಾರ ಜಾಗ ಖಾಲಿ ಮಾಡು. ಹುಡುಗೀರು ಇರ್ತಾರೆ. ಕರಾರು ಚಿಕ್ಕಪ್ಪನ ಮಗಳ ಹೆಸರಿಗೆ ಮಾಡ್ಕೊಡ್ತೀನಿ."

ಭಾನುವಾರ ಅವನು ಪುಸ್ತಕಗಳನ್ನು ಚೀಲಕ್ಕೆ ತುಂಬಿದ. ಗೋಡೆಯ ಚೀಟಿಗಳನ್ನು ಕೀಳುವ ಆತುರದಲ್ಲಿ ಅವುಗಳ ಕ್ರಮವೆಲ್ಲ ಕಲಸಿಹೋಯಿತು. ನಾನು ಬಾಗಿಲಿಗೊರಗಿ ನಿಂತು ನೋಡಿದೆ. 'ಅಣ್ಣನ ಚೀಲ ಹಿಡ್ಕೋಮ್ಮಾ' ಎಂದು ಒಡತಿ ಕೆಳಗಿನಿಂದ ಕೂಗಿದ್ದರಿಂದ ಒಂದನ್ನು ಎತ್ತಿಕೊಂಡು ಜೊತೆಗೆ ಇಳಿದೆ.

"ಇದ್ರಿಂದ ನಿನ್ನ ವರ್ಷ ವಾಪಸ್ ಬರತ್ತಾ?" ಎರಡನೆಯ ಮಹಡಿಯ ತಿರುವಿನಲ್ಲಿ ಅವನು ಹಲ್ಲು ಕಚ್ಚಿ ಕೇಳಿದ.

"ಇಲ್ಲ. ಗೊತ್ತಿದ್ದೇ ಮಾಡ್ದೆ."

ಗೇಟಿನ ಬಳಿ ಟ್ಯಾಕ್ಸಿ ನಿಂತಿತ್ತು. ಒಡತಿ ಅಂಗಡಿಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವನು ಯಾರ ಮುಖವನ್ನೂ ನೋಡದೆ ಒಳಗೆ ತೂರಿಕೊಂಡ.

"ಏಯ್, ಒಡಹುಟ್ಟಿದವಳ ಹಾಗಿದ್ದಾಳೆ. ಹೇಳಿ ಹೋಗೋ."

ಗಾಜು ಇಳಿಯಿತು. ಒಡತಿ ಕಾಯುತ್ತಿದ್ದಳು. ಚಾಲಕನೂ ಕಾಯುತ್ತಿದ್ದ.

"ಹೋಗ್ಬರ್ತೀನಿ... ತಂಗಿ."

ನಾನು ಬಗ್ಗಿ, ಚೀಲವನ್ನು ಅವನ ತೊಡೆಯ ಮೇಲೆ ಇಟ್ಟೆ. ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದೆ:

"ಬರೋದೇನೂ ಬೇಡ ಅಣ್ಣ."